ಒಂದು ಸಂಪರ್ಕ, ಎರಡು ದೋಷ

ನಮ್ಮ ಮನೆಯ ವೈಫೈ ಸುಮಾರು ಐದು ವಾರಗಳ ಕಾಲ ಪ್ರತಿ ಸಂಜೆಯೂ ಕೈಕೊಡುತ್ತಿತ್ತು. ಪೂರ್ತಿ ನಿಂತುಹೋಗುತ್ತಿದ್ದರೆ ಕಾರಣ ಹುಡುಕುವುದು ಸುಲಭವಾಗುತ್ತಿತ್ತು. ಆದರೆ ಅದು ನಿಲ್ಲುತ್ತಿರಲಿಲ್ಲ, ಹೋಗಿ ಬಂದು ಮಾಡುತ್ತಿತ್ತು. ಮಗಳು ಆನ್‌ಲೈನ್ ತರಗತಿಗೆ ಕುಳಿತಾಗ ಶಿಕ್ಷಕರ ಮುಖ ಪರದೆಯ ಮೇಲೆ ಹಾಗೆಯೇ ನಿಂತುಬಿಡುವುದು, ಎಂಟು ಹತ್ತು ಸೆಕೆಂಡು ಕಳೆದ ಮೇಲೆ ಮಾತೆಲ್ಲ ಒಟ್ಟಿಗೆ ಓಡಿಬರುವುದು, "ಅಪ್ಪಾ, ಮತ್ತೆ ಹೋಯ್ತು" ಎಂದು ಅವಳು ಕೂಗಿ ನಾನು ಎದ್ದು ಬರುವಷ್ಟರಲ್ಲಿ ಎಲ್ಲವೂ ಸರಿಯಾಗಿಬಿಡುವುದು, ಇದೇ ನಡೆದಿತ್ತು. ಫೋನಿನ ಮೂಲೆಯಲ್ಲಿ ಸಿಗ್ನಲ್ ಗೆರೆಗಳು ಮಾತ್ರ ಯಾವಾಗಲೂ ತುಂಬಿಯೇ ಇರುತ್ತಿದ್ದವು. ಕೊನೆಗೆ ಕಾರಣ ಸಿಕ್ಕಿತು. ಸಿಕ್ಕಿದ್ದು ಒಂದಲ್ಲ, ಎರಡು. ಎರಡೂ ಒಂದೇ ಹೊತ್ತಿನಲ್ಲಿ ಒಂದರ ಮೇಲೊಂದು ಬೀಳುತ್ತಿದ್ದುದರಿಂದಲೇ ಇಷ್ಟು ದಿನ ಹಿಡಿಯಿತು. ಇಂಥದೇ ತೊಂದರೆಯಲ್ಲಿ ಸಿಕ್ಕಿಕೊಂಡವರಿಗೆ ನೆರವಾಗಲೆಂದು ನಡೆದದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಮೂರು ವಾರ ನಾನು ಹೆಚ್ಚಾಗಿ ಮಾಡಿದ್ದು ಎಲ್ಲರೂ ಮಾಡುವುದನ್ನೇ: ರೂಟರಿನ ಸ್ವಿಚ್ ಆರಿಸಿ ಮತ್ತೆ ಹಾಕುವುದು. ಹಾಗೆ ಮಾಡಿದಾಗ ಸ್ವಲ್ಪ ಹೊತ್ತು ಎಲ್ಲ ಸರಿಹೋಗುತ್ತಿತ್ತು, ಅದೇ ನನ್ನನ್ನು ದಾರಿ ತಪ್ಪಿಸಿತು. ಚಾನೆಲ್ (ವೈಫೈ ಬಳಸುವ ರೇಡಿಯೋ ತರಂಗದ ಪಟ್ಟಿ) ಆಯ್ಕೆಯನ್ನು ರೂಟರಿಗೇ ಬಿಟ್ಟಿದ್ದರೆ ಅದು ಹೊಸದಾಗಿ ಚಾಲೂ ಆಗುವಾಗ ಸುತ್ತಲಿನ ದಟ್ಟಣೆಯನ್ನು ನೋಡಿ ಬೇರೊಂದು ಚಾನೆಲ್‌ಗೆ ಹೋಗಬಹುದು, ಒಳಗೆ ಸಾಲಿನಲ್ಲಿ ಕಾದಿದ್ದ ದತ್ತಾಂಶವೆಲ್ಲ ಅಳಿದುಹೋಗುತ್ತದೆ, ಫೋನುಗಳೂ ಲ್ಯಾಪ್‌ಟಾಪುಗಳೂ ಮೊದಲಿನಿಂದ ಜೋಡಿಕೊಳ್ಳುತ್ತವೆ. ಒಂದೇ ಏಟಿಗೆ ಇಷ್ಟೆಲ್ಲ ಬದಲಾದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದು ಹೇಗೆ? ಮೇಲಾಗಿ ಬಹಳಷ್ಟು ಮನೆ ರೂಟರುಗಳಲ್ಲಿ ಒಳಗಿನ ಲಾಗ್ ದಾಖಲೆ ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ. ತೊಂದರೆ ಕಾಣಿಸಿಕೊಂಡ ಪ್ರತಿ ಸಲವೂ ಅದರ ಗುರುತುಗಳನ್ನು ನಾನೇ ಅಳಿಸುತ್ತಿದ್ದೆ.

ಕೆಲಸ ಸರಿದಾರಿಗೆ ಬಂದದ್ದು ನಾನು ಎರಡು ಹಾದಿಗಳನ್ನು ಬೇರ್ಪಡಿಸಿದ ದಿನ. "ನೆಟ್ ಬರುತ್ತಿಲ್ಲ" ಎಂಬ ಒಂದೇ ದೂರಿನೊಳಗೆ ಎರಡು ಹಾದಿಗಳಿರುತ್ತವೆ. ಕೈಯಲ್ಲಿರುವ ಸಾಧನದಿಂದ ರೂಟರಿನವರೆಗೆ ಗಾಳಿಯಲ್ಲಿ ಸಾಗುವುದು ಒಂದು, ರೂಟರಿನಿಂದ ಹೊರಗೆ ಕೇಬಲ್ಲಿನಲ್ಲಿ ಸಾಗುವುದು ಇನ್ನೊಂದು. ಮೊದಲನೆಯದು ಮನೆಯವರ ಕೈಯಲ್ಲಿದೆ, ಎರಡನೆಯದು ಬಹುಪಾಲು ಸೇವೆ ಕೊಡುವವರ ಕೈಯಲ್ಲಿದೆ. ಯಾವುದು ಕೆಟ್ಟಿದೆ ಎಂದು ಗೊತ್ತಾಗುವ ಮೊದಲು ಮಾಡುವ ಯಾವ ರಿಪೇರಿಯೂ ಊಹೆಯೇ ಸರಿ.

ಬೇರ್ಪಡಿಸಲು ಪಿಂಗ್ ಎಂಬ ಹಳೆಯ ಸಾಧನ ಸಾಕು; ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅದು ತೋರಿಸುತ್ತದೆ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಇದೆ. ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿಗಳನ್ನು ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೂ (ನಮ್ಮಲ್ಲಿ ಅದು 192.168.1.1), ಇನ್ನೊಂದರಲ್ಲಿ 1.1.1.1 ಅಥವಾ 8.8.8.8ರಂತಹ ಹೊರಗಿನ ವಿಳಾಸಕ್ಕೂ ನಿಲ್ಲದೆ ಪಿಂಗ್ ಹೋಗುವಂತೆ ಮಾಡಿ ಸಂಜೆಯಿಡೀ ಬಿಟ್ಟೆ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು ತೊಂದರೆ ಬಂದ ಗಂಟೆ, ನಿಮಿಷ, ಆಗ ಯಾವ ಕಿಟಕಿಯಲ್ಲಿ ಏನಾಯಿತು, ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು ಎಂಬುದನ್ನು ಬರೆಯುತ್ತಾ ಹೋದೆ. ವೈಫೈ ನೆಟ್ಟಗಿದ್ದರೆ ರೂಟರಿನಿಂದ ಉತ್ತರ ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರುತ್ತದೆ. ಎರಡೂ ಕಿಟಕಿಗಳಲ್ಲಿ ಒಟ್ಟಿಗೆ ಉತ್ತರ ನಿಂತರೆ ಗಾಳಿಯ ಹಾದಿಯನ್ನು ಅನುಮಾನಿಸಬೇಕು. ರೂಟರ್ ಉತ್ತರಿಸುತ್ತಲೇ ಇದ್ದು ಹೊರಗಿನದು ಮಾತ್ರ ನಿಂತರೆ ದೋಷ ರೂಟರಿನಿಂದಾಚೆಗಿದೆ. ಎರಡೂ ಚೆನ್ನಾಗಿದ್ದು ಜಾಲತಾಣಗಳು ಮಾತ್ರ ತೆರೆಯದಿದ್ದರೆ ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಕಡೆ ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು: ಕೆಲವು ರೂಟರುಗಳು ಕೆಲಸ ಹೆಚ್ಚಿದ್ದಾಗ ಪಿಂಗಿಗೆ ಉತ್ತರಿಸುವುದನ್ನು ಹಿಂದಕ್ಕೆ ತಳ್ಳುತ್ತವೆ. ಆದ್ದರಿಂದ ಎಲ್ಲೋ ಒಂದು ಉತ್ತರ ತಡವಾಯಿತೆಂದು ತೀರ್ಮಾನಕ್ಕೆ ಬರಬಾರದು, ಸತತವಾಗಿ ಹಲವು ತಪ್ಪಿದರೆ ಮಾತ್ರ ಅದಕ್ಕೆ ಬೆಲೆ ಕೊಡಬೇಕು. ಅನುಮಾನ ಉಳಿದರೆ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಬಹುದು. ನನ್ನ ಮಟ್ಟಿಗೆ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಬೇರೆ ಇಲ್ಲ.

ನಾಲ್ಕು ಸಂಜೆಗಳ ಟಿಪ್ಪಣಿಯನ್ನು ಒಟ್ಟಿಗೆ ಇಟ್ಟು ಓದಿದಾಗ ಅಲ್ಲಿ ಎರಡು ಬಗೆಯ ತೊಂದರೆಗಳು ಕಂಡವು. ಕೆಲವು ಸಲ ರೂಟರಿನ ಉತ್ತರವೇ ಐದಾರು ಸೆಕೆಂಡು ತಪ್ಪುತ್ತಿತ್ತು. ಇನ್ನು ಕೆಲವು ಸಲ ರೂಟರ್ 3 ಮಿಲಿಸೆಕೆಂಡಿನಲ್ಲೇ ಉತ್ತರಿಸುತ್ತಿದ್ದರೂ ಹೊರಗಿನ ಉತ್ತರ 30ರಿಂದ 1,400 ಮಿಲಿಸೆಕೆಂಡಿಗೆ ಏರಿ, ಹಲವು ನಿಮಿಷ ಅಲ್ಲಿಯೇ ಇದ್ದು, ಮತ್ತೆ ಇಳಿಯುತ್ತಿತ್ತು. ಕುಳಿತು ಬಳಸುವವರಿಗೆ ಎರಡೂ ಒಂದೇ ಥರ ಅನ್ನಿಸುತ್ತದೆ. ಪರದೆ ನಿಲ್ಲುತ್ತದೆ, ಅಷ್ಟೇ. ಎರಡನೆಯ ವಾರದಲ್ಲಿ ನಾನು ಚಾನೆಲ್ ಬದಲಿಸಿ ನೋಡಿದ್ದೆ, ಆ ಸಂಜೆಯೂ ತರಗತಿ ಕಡಿದದ್ದರಿಂದ ಪ್ರಯೋಜನವಿಲ್ಲವೆಂದು ಹಿಂದಿನದಕ್ಕೇ ಮರಳಿಸಿದ್ದೆ. ಅದು ಮೊದಲ ದೋಷಕ್ಕೆ ಸರಿಯಾದ ಮದ್ದೇ ಆಗಿತ್ತು. ಎರಡನೆಯ ದೋಷ ಹಾಗೆಯೇ ಉಳಿದಿದ್ದರಿಂದ ಆ ಮದ್ದು ಕೆಲಸ ಮಾಡಿದ್ದು ನನಗೆ ಕಾಣಲಿಲ್ಲ.

ಮೊದಲ ದೋಷ, ವೈಫೈ ಬಳಸುವ ರೇಡಿಯೋ ಶ್ರೇಣಿಗಳಲ್ಲೊಂದಾದ 2.4 ಗಿಗಾಹರ್ಟ್ಸ್ ಶ್ರೇಣಿಯದು. ಈ ಶ್ರೇಣಿಯಲ್ಲಿ ಚಾನೆಲ್ 1ರ ನಡುಬಿಂದು 2412 ಮೆಗಾಹರ್ಟ್ಸ್, ಅಲ್ಲಿಂದ 13ರವರೆಗೆ ಪ್ರತಿಯೊಂದು ಚಾನೆಲ್ಲೂ ಹಿಂದಿನದಕ್ಕಿಂತ 5 ಮೆಗಾಹರ್ಟ್ಸ್ ಮಾತ್ರ ದೂರ. ಆದರೆ ವೈಫೈ ಸಂಕೇತ ಸುಮಾರು 20 ಮೆಗಾಹರ್ಟ್ಸ್ ಅಗಲವನ್ನು ಆಕ್ರಮಿಸುವುದರಿಂದ ಪಕ್ಕಪಕ್ಕದ ಚಾನೆಲ್‌ಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಒಂದನ್ನೊಂದು ಮುಟ್ಟದಂತೆ ಬಳಸಬೇಕೆಂದರೆ ಸಾಮಾನ್ಯವಾಗಿ 1, 6, 11 ಈ ಮೂರೇ ಉಳಿಯುತ್ತವೆ. ನಾನು ಫೋನಿನ ಆ್ಯಪ್ ಒಂದರಲ್ಲಿ ನೋಡಿ, ಯಾರೂ ಇಲ್ಲದ 4ನೆಯ ಚಾನೆಲ್ ಖಾಲಿಯಿದೆ ಎಂದುಕೊಂಡು ಅದನ್ನು ಆರಿಸಿಕೊಂಡಿದ್ದೆ. ಇದು ಬಹಳ ಜನ ಮಾಡುವ ತಪ್ಪಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಚಾನೆಲ್ಲಿನಲ್ಲಿರುವ ಎರಡು ರೂಟರುಗಳು ಪರಸ್ಪರರ ಮಾತನ್ನು ಅರ್ಥ ಮಾಡಿಕೊಳ್ಳಬಲ್ಲವು; ಒಂದು ಮಾತನಾಡುವಾಗ ಇನ್ನೊಂದು ಕಾಯುತ್ತದೆ, ವೈಫೈನ ನಿಯಮವೇ ಹಾಗಿದೆ. ವೇಗ ಹಂಚಿಹೋಗುತ್ತದೆ, ಆದರೆ ಕೆಲಸ ನಡೆಯುತ್ತದೆ. ಅರ್ಧಂಬರ್ಧ ಅತಿಕ್ರಮಿಸುವ ಚಾನೆಲ್ಲಿನಲ್ಲಿ ಕುಳಿತರೆ ನೆರೆಯವರ ಮಾತು ಮಾತಾಗಿ ಕೇಳಿಸದೆ ಬರಿಯ ಗದ್ದಲವಾಗಿ ಕೇಳಿಸುತ್ತದೆ. 4ರಲ್ಲಿ ಕುಳಿತ ನನಗೆ 1ರವರ ಗದ್ದಲವೂ 6ರವರ ಗದ್ದಲವೂ ಒಟ್ಟಿಗೆ ಬರುತ್ತಿತ್ತು. ಅವರಿಗೂ ನನ್ನಿಂದ ತೊಂದರೆಯಾಗಿರಲೇಬೇಕು.

ಗೆರೆಗಳು ತುಂಬಿದ್ದರೂ ನೆಟ್ ಓಡದಿರುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಆ ಗೆರೆಗಳು ಧ್ವನಿ ಎಷ್ಟು ಜೋರಾಗಿದೆ ಎಂಬುದನ್ನು ಹೇಳುತ್ತವೆಯೇ ಹೊರತು ಎಷ್ಟು ಸ್ಪಷ್ಟವಾಗಿದೆ ಎಂಬುದನ್ನಲ್ಲ. ಸಂಕೇತದ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ನೋಡುವುದು ವಾಸಿ. ಅದರಲ್ಲಿ 10ರಷ್ಟು ಇಳಿಕೆಯೆಂದರೆ ಶಕ್ತಿ ಹತ್ತನೆಯ ಒಂದು ಭಾಗಕ್ಕೆ ಇಳಿದಂತೆ. ವಿಡಿಯೋ ಕರೆಗೆ ಸುಮಾರು −67 ಅಥವಾ ಅದಕ್ಕಿಂತ ಉತ್ತಮ (ಅಂದರೆ ಸೊನ್ನೆಗೆ ಇನ್ನೂ ಹತ್ತಿರದ) ಮಟ್ಟವಿರಬೇಕು ಎನ್ನುವುದು ರೂಢಿಯ ಲೆಕ್ಕ. ನಮ್ಮ ಕೋಣೆಯಲ್ಲಿ −58 ಇತ್ತು, ಅಂದರೆ ಬಲಕ್ಕೆ ಕೊರತೆಯಿರಲಿಲ್ಲ. ಹೀಗಾಗಿ ರೂಟರನ್ನು ಎತ್ತರದಲ್ಲಿ, ಮನೆಯ ನಡುವೆ, ಲೋಹದ ಬೀರುವಿನಿಂದ ದೂರ ಇಡಬೇಕೆಂಬ ಸಲಹೆ ಸರಿಯಾದದ್ದೇ ಆದರೂ ನನ್ನ ತೊಂದರೆಗೆ ಅದು ಪರಿಹಾರವಾಗುವಂತಿರಲಿಲ್ಲ.

ಗದ್ದಲಕ್ಕೆ ಮತ್ತೊಂದು ಮೂಲವೂ ಇತ್ತು, ಅದು ರೂಟರಿನ ಬೆನ್ನಿಗೇ ಅಂಟಿಕೊಂಡಿತ್ತು. ಹಳೆಯ ಫೋಟೋಗಳನ್ನು ಎಲ್ಲರೂ ನೋಡುವಂತಾಗಲೆಂದು ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಒಂದನ್ನು ರೂಟರಿಗೆ ಜೋಡಿಸಿದ್ದೆ. ಯುಎಸ್‌ಬಿ 3.0ರ ದತ್ತಾಂಶ ಸಂಚಾರದಿಂದ ಹೊಮ್ಮುವ ರೇಡಿಯೋ ಸದ್ದು 2.4 ಗಿಗಾಹರ್ಟ್ಸ್ ಶ್ರೇಣಿಯ ಮೇಲೂ ಬೀಳುತ್ತದೆ ಎಂಬುದನ್ನು ಇಂಟೆಲ್ ಸಂಸ್ಥೆ 2012ರಲ್ಲಿಯೇ ಅಳತೆಗಳ ಸಮೇತ ಪ್ರಕಟಿಸಿತ್ತು. ಡಿಸ್ಕ್ ಮತ್ತು ಕೇಬಲ್ಲಿನ ಹೊದಿಕೆ ಕಳಪೆಯಾಗಿದ್ದಷ್ಟೂ ಅದು ಹೆಚ್ಚು. ಡಿಸ್ಕ್ ತೆಗೆದಿಟ್ಟು, ಚಾನೆಲ್ಲನ್ನು 11ಕ್ಕೆ ನಿಲ್ಲಿಸಿ, ಅಗಲವನ್ನು 40ರಿಂದ 20 ಮೆಗಾಹರ್ಟ್ಸಿಗೆ ಇಳಿಸಿದೆ. ಇವನ್ನು ಒಂದೊಂದಾಗಿ, ಒಂದೊಂದು ಸಂಜೆಗೆ ಒಂದರಂತೆ ಮಾಡಿದೆ. ಚಾನೆಲ್ ಬದಲಿಸಿದ ದಿನ ತಪ್ಪುವಿಕೆ ಬಹಳ ಕಡಿಮೆಯಾಯಿತು, ಡಿಸ್ಕ್ ತೆಗೆದ ದಿನ ರೂಟರಿನ ಕಿಟಕಿಯಲ್ಲಿ ಒಂದು ಉತ್ತರವೂ ತಪ್ಪಲಿಲ್ಲ. 2.45 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುವ ಮೈಕ್ರೋವೇವ್ ಒಲೆಯ ಮೇಲೂ ನನಗೆ ಸಂಶಯವಿತ್ತು. ಅದನ್ನು ಬಳಸಿದ ಹೊತ್ತಿಗೂ ಟಿಪ್ಪಣಿಯ ಹೊತ್ತಿಗೂ ತಾಳೆಯಾಗದ್ದರಿಂದ ಬಿಟ್ಟೆ.

ಎರಡನೆಯ ದೋಷ ಹೆಚ್ಚು ಕುತೂಹಲಕರವಾದದ್ದು. ಹೊರಗಿನ ಉತ್ತರ ತಪ್ಪುತ್ತಿರಲಿಲ್ಲ, ತಡವಾಗುತ್ತಿತ್ತು. ವೇಗ ಪರೀಕ್ಷೆ ಮಾಡಿದಾಗಲೆಲ್ಲ ಒಳ್ಳೆಯ ಅಂಕಿಯೇ ಬರುತ್ತಿತ್ತು, ಏಕೆಂದರೆ ನಾನು ಅದನ್ನು ಮಾಡುತ್ತಿದ್ದದ್ದು ಎಲ್ಲರೂ ಸುಮ್ಮನಿರುವಾಗ. ಸೇವೆ ಕೊಡುವವರಿಗೆ ಮೂರು ಸಲ ದೂರು ಕೊಟ್ಟಿದ್ದೆ. ಬಂದ ತಂತ್ರಜ್ಞರು ಕನೆಕ್ಟರ್ ಬದಲಿಸಿ ಹೋದರು, ಗುಣವಾಗಲಿಲ್ಲ. ಅವರ ಲೈನಿನಲ್ಲಿ ಯಾವ ತಪ್ಪೂ ಇರಲಿಲ್ಲ ಎಂದು ಈಗ ಗೊತ್ತಾಗಿದೆ. ಟಿಪ್ಪಣಿಯಲ್ಲಿ "ಯಾರು ಏನು ಮಾಡುತ್ತಿದ್ದರು" ಎಂಬ ಸಾಲು ಕಾರಣವನ್ನು ತೋರಿಸಿತು. ಪ್ರತಿ ಸಲವೂ ಯಾರಾದರೊಬ್ಬರು ಹೊರಗಿನಿಂದ ಮನೆಗೆ ಬಂದು ಫೋನನ್ನು ಚಾರ್ಜಿಗೆ ಹಾಕಿರುತ್ತಿದ್ದರು. ಚಾರ್ಜಿಗೆ ಹಾಕಿದೊಡನೆ ಆ ದಿನದ ಫೋಟೋ, ವಿಡಿಯೋಗಳೆಲ್ಲ ಕ್ಲೌಡಿಗೆ ಏರತೊಡಗುತ್ತಿದ್ದವು.

ನಮ್ಮ ಸಂಪರ್ಕದಲ್ಲಿ ಅಪ್‌ಲೋಡ್ ವೇಗ ಸೆಕೆಂಡಿಗೆ 5 ಮೆಗಾಬಿಟ್. ಒಳಗಿನಿಂದ ಬರುವ ದತ್ತಾಂಶ ಅದಕ್ಕಿಂತ ಹೆಚ್ಚಾದಾಗ ರೂಟರ್ ಅದನ್ನು ಎಸೆಯದೆ ತನ್ನ ನೆನಪಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಆ ಸಾಲಿಗೆ 1 ಮೆಗಾಬೈಟ್ ಜಾಗವಿದೆ ಎಂದುಕೊಳ್ಳೋಣ. ಅದು 8 ಮೆಗಾಬಿಟ್, ಸೆಕೆಂಡಿಗೆ 5ರಂತೆ ಖಾಲಿಯಾಗಲು 1.6 ಸೆಕೆಂಡು ಬೇಕು. ಮಗಳ ಧ್ವನಿಯ ಪುಟ್ಟ ಪ್ಯಾಕೆಟ್ (ದತ್ತಾಂಶದ ತುಣುಕು) ಕೂಡ ಫೋಟೋಗಳ ಆ ಸಾಲಿನ ಕೊನೆಯಲ್ಲಿಯೇ ನಿಲ್ಲಬೇಕು. ಡೌನ್‌ಲೋಡ್ ಕೂಡ ಕುಂಟುತ್ತದೆ, ಏಕೆಂದರೆ ಬಂದದ್ದು ತಲುಪಿತು ಎಂದು ತಿಳಿಸುವ ಸಣ್ಣ ಸಂದೇಶಗಳೂ ಅದೇ ಸಾಲಿನ ಮೂಲಕವೇ ಹೊರಗೆ ಹೋಗಬೇಕು. ಈ ತೊಂದರೆಗೆ ಬಫರ್‌ಬ್ಲೋಟ್ ಎಂದು ಹೆಸರು. ಅಮೆರಿಕದ ಕಂಪ್ಯೂಟರ್ ಪ್ರೋಗ್ರಾಮರ್ ಜಿಮ್ ಗೆಟಿಸ್ ತಮ್ಮ ಮನೆಯ ಸಂಪರ್ಕದಲ್ಲಿಯೇ ಇದನ್ನು ಎದುರಿಸಿ 2010ರ ಸುಮಾರಿಗೆ ಎಲ್ಲರ ಗಮನಕ್ಕೆ ತಂದರು. ಪ್ಯಾಕೆಟ್‌ಗಳು ಸಾಲಿನಲ್ಲಿ ಎಷ್ಟು ಹೊತ್ತು ಕಾಯುತ್ತಿವೆ ಎಂಬುದನ್ನು ನೋಡಿ ಸಾಲನ್ನು ಚಿಕ್ಕದಾಗಿಡುವ ಕೊಡೆಲ್ ಎಂಬ ವಿಧಾನವನ್ನು ಕಂಪ್ಯೂಟರ್ ಜಾಲಗಳ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ಸಂಚಾರಗಳಿಗೆ ಬೇರೆ ಬೇರೆ ಸಾಲುಗಳನ್ನು ಕೊಡುವ ಅದರ ಮುಂದಿನ ರೂಪ ಇಂದು ಹಲವು ರೂಟರುಗಳಲ್ಲಿ ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್) ಎಂಬ ಹೆಸರಿನಲ್ಲಿ ಸಿಗುತ್ತದೆ. ಮನೆಯ ಇಂಟರ್ನೆಟ್ಟಿನ ನೆಮ್ಮದಿಗೆ ಇಷ್ಟು ಉಪಕಾರ ಮಾಡುವ ಆಯ್ಕೆ ಮೆನುಗಳ ಅಡಿಯಲ್ಲಿ ಮರೆಯಾಗಿ ಕುಳಿತಿರುವುದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ.

ಅದನ್ನು ಚಾಲೂ ಮಾಡಿ ಅಪ್‌ಲೋಡ್ ಮಿತಿಯನ್ನು ಅಳತೆಯ ಶೇ 90ಕ್ಕೆ, ಅಂದರೆ 4.5 ಮೆಗಾಬಿಟ್ಟಿಗೆ ನಿಲ್ಲಿಸಿದೆ. ಸ್ವಲ್ಪ ವೇಗವನ್ನು ಬಿಟ್ಟುಕೊಡುವುದು ಏಕೆಂದರೆ, ಸಾಲು ನಮ್ಮ ರೂಟರಿನಲ್ಲಿಯೇ ನಿಲ್ಲಬೇಕು, ನಮ್ಮ ಹಿಡಿತವಿಲ್ಲದ ಮುಂದಿನ ಪೆಟ್ಟಿಗೆಯಲ್ಲಿ ಅಲ್ಲ. ಆಮೇಲೆ ಎರಡು ಫೋನುಗಳನ್ನು ಒಟ್ಟಿಗೆ ಚಾರ್ಜಿಗೆ ಹಾಕಿ ನೋಡಿದರೂ ಹೊರಗಿನ ಉತ್ತರ 45 ಮಿಲಿಸೆಕೆಂಡು ದಾಟಲಿಲ್ಲ. ಈ ಆಯ್ಕೆಯಿಲ್ಲದ ರೂಟರ್ ಇರುವವರು ಫೋಟೋಗಳು ಏರುವ ಹೊತ್ತನ್ನು ರಾತ್ರಿಗೆ ಬದಲಿಸಿಕೊಂಡರೂ ಮುಕ್ಕಾಲು ಪಾಲು ನೆಮ್ಮದಿ ಸಿಗುತ್ತದೆ.

ಎಲ್ಲವನ್ನೂ 5 ಗಿಗಾಹರ್ಟ್ಸಿಗೆ ಬದಲಿಸಿಬಿಡಿ ಎಂದು ಸ್ನೇಹಿತರು ಹೇಳಿದ್ದುಂಟು. ಸಮೀಪದಲ್ಲಿರುವ ಸಾಧನಗಳಿಗೆ ಅದು ಒಳ್ಳೆಯ ಸಲಹೆ, ಲ್ಯಾಪ್‌ಟಾಪನ್ನು ಹಾಗೆಯೇ ಮಾಡಿದ್ದೇನೆ. ಆದರೆ ಆ ಶ್ರೇಣಿ ಗೋಡೆಗಳನ್ನು ದಾಟುವಾಗ ಹೆಚ್ಚು ಸೊರಗುತ್ತದೆ. ಅಲ್ಲದೆ ಅದರ ಹಲವು ಚಾನೆಲ್‌ಗಳು ರೇಡಾರುಗಳೊಂದಿಗೆ ಹಂಚಿಕೊಂಡಂಥವು; ರೇಡಾರ್ ಸಂಕೇತ ಕೇಳಿಸಿತೆಂದರೆ ರೂಟರ್ ಆ ಚಾನೆಲ್ಲನ್ನು ಬಿಡಲೇಬೇಕು, ಅಂಥದೇ ಇನ್ನೊಂದಕ್ಕೆ ಹೋಗುವ ಮೊದಲು ಕನಿಷ್ಠ 60 ಸೆಕೆಂಡು ಸುಮ್ಮನೆ ಕೇಳಿಸಿಕೊಳ್ಳಬೇಕು. 5 ಗಿಗಾಹರ್ಟ್ಸಿನ ಹೆಸರು ಆಗಾಗ ಒಂದು ನಿಮಿಷ ಪಟ್ಟಿಯಿಂದಲೇ ಮಾಯವಾಗುತ್ತಿದ್ದರೆ ಇದನ್ನು ಮೊದಲು ನೋಡಿ, ಚಾನೆಲ್ಲನ್ನು 36ರಿಂದ 48ರೊಳಗೆ ಇಟ್ಟು ಪರೀಕ್ಷಿಸುವುದು ಒಳ್ಳೆಯದು.

ಉಳಿದ ಕಾರಣಗಳನ್ನು ಹೆಸರಿಸಿ ಬಿಡುತ್ತೇನೆ, ಏಕೆಂದರೆ ಅವು ನನ್ನ ಮನೆಯಲ್ಲಿ ಇರಲಿಲ್ಲ. ದೀಪಗಳೆಲ್ಲ ಒಮ್ಮೆ ಆರಿ ಹೊತ್ತಿಕೊಂಡರೆ ರೂಟರ್ ತಾನಾಗಿಯೇ ಮರುಚಾಲೂ ಆಗುತ್ತಿದೆ ಎಂದರ್ಥ, ಆಗ ಅಡಾಪ್ಟರ್ ಸೋತಿರಬಹುದು. ಒಂದೇ ಸಾಧನದಲ್ಲಿ ಮಾತ್ರ ಸಂಪರ್ಕ ಕಡಿಯುತ್ತಿದ್ದರೆ ಅದರ ವಿದ್ಯುತ್ ಉಳಿತಾಯದ ಆಯ್ಕೆಯನ್ನೂ ವೈಫೈ ಭಾಗವನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನೂ ನೋಡಬೇಕು. ಹಳೆಯ ರೂಟರೊಂದನ್ನು ಹೊಸದಕ್ಕೆ ಜೋಡಿಸಿದ್ದರೆ ಎರಡೂ ವಿಳಾಸ ಹಂಚುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಇನ್ನೊಂದು ಸಣ್ಣ ತೊಂದರೆ ಉಳಿದಿದೆ. ಹಿಂದಿನ ಕೋಣೆಗೆ ಹೋದ ಫೋನ್, ಹತ್ತಿರಕ್ಕೆ ಮರಳಿದ ಮೇಲೂ ನಿಧಾನದ 2.4ನ್ನೇ ಹಿಡಿದು ಕೂರುತ್ತದೆ. ಯಾವುದಕ್ಕೆ ಜೋಡಿಕೊಳ್ಳಬೇಕೆಂಬ ಕೊನೆಯ ನಿರ್ಧಾರ ಫೋನಿನದೇ ಆಗಿರುವುದರಿಂದ ರೂಟರಿಗೆ ಅದರ ಮೇಲೆ ಒತ್ತಾಯವಿಲ್ಲ. ಎರಡು ಶ್ರೇಣಿಗಳಿಗೆ ಬೇರೆ ಬೇರೆ ಹೆಸರು ಕೊಟ್ಟು ನಿನ್ನೆಯಿಂದ ಪರೀಕ್ಷೆ ಶುರುಮಾಡಿದ್ದೇನೆ. ಎರಡು ಕಿಟಕಿಗಳು ಈಗಲೂ ಸಂಜೆ ಹೊತ್ತು ತೆರೆದಿರುತ್ತವೆ. ನೋಟ್‌ಬುಕ್ಕಿನಲ್ಲಿ ಕಳೆದ ಹದಿನೆಂಟು ದಿನಗಳ ಎದುರಿಗೆ ದಿನಾಂಕವಷ್ಟೇ ಇದೆ.