ಆರರ ಲೆಕ್ಕ

ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯ ಹೆಣಿಗೆಯಾದ ಕ್ರೋಶಾ ಕಲಿಯಲು ಕೂರುವವರಿಗೆ ಮೊದಲು ಬೇಕಾದದ್ದು ತಿಳಿಬಣ್ಣದ, ತುಸು ದಪ್ಪನೆಯ ನೂಲು. ಕಪ್ಪು, ಕಡುನೀಲಿ ನೂಲಿನಲ್ಲಿ ಹೊಲಿಗೆ ಕಣ್ಣಿಗೆ ಬೀಳುವುದೇ ಕಷ್ಟ. ತೀರ್ಥಹಳ್ಳಿಯಲ್ಲಿ ಜಡಿಮಳೆ ಹಿಡಿದಿದ್ದ ಒಂದು ಭಾನುವಾರ ಚಿಕ್ಕಮ್ಮ ನನ್ನ ಕೈಗಿತ್ತದ್ದು ಕೆನೆಬಣ್ಣದ ಉಲ್ಲನ್ ಉಂಡೆ, 4 ಮಿಲಿಮೀಟರಿನ ಒಂದು ಕಡ್ಡಿ. ನನ್ನ ಕಣ್ಣಿದ್ದದ್ದು ಅವರ ಮನೆಯ ನೀರಿನ ಚೊಂಬಿನ ಮೇಲಿನ, ಅಂಚಿಗೆ ಮಣಿ ಹೆಣೆದ ದುಂಡು ಮುಚ್ಚಳದ ಮೇಲೆ. "ಅದಕ್ಕೆ ಹತ್ತಿ ದಾರ, ಸಣ್ಣ ಕಡ್ಡಿ ಬೇಕು. ಮೊದಲು ಕೈ ಕುದುರಲಿ" ಎಂದರು.

ಜೀರುಗುಣಿಕೆ ಹಾಕಿ, ನೂಲನ್ನು ಕೊಕ್ಕೆಗೆ ಸಿಕ್ಕಿಸಿ ಕುಣಿಕೆಯೊಳಗಿನಿಂದ ಎಳೆದರೆ ಒಂದು ಚೈನ್. ಎಲ್ಲರೂ ಕಡ್ಡಿ ಹಿಡಿದ ಬಲಗೈಯನ್ನೇ ನೋಡುತ್ತಾರೆ. ನಿಜವಾದ ಕೆಲಸ ಎಡಗೈಯದು. ಕಿರುಬೆರಳಿಗೆ ಒಂದು ಸುತ್ತು ಹಾಕಿಕೊಂಡು ತೋರುಬೆರಳಿನ ಮೇಲೆ ಹಾಯುವ ನೂಲು ಬಿಗಿಯೂ ಆಗದೆ ಸಡಿಲವೂ ಆಗದೆ ಜಾರುತ್ತಿರಬೇಕು. ಬಿಗಿಯಾದರೆ ಮುಂದಿನ ಸಾಲಿನಲ್ಲಿ ಕೊಕ್ಕೆ ಒಳಗೆ ತೂರುವುದಿಲ್ಲ. ಸಿಂಗಲ್ ಹೊಲಿಗೆಗೆ ಕೊಕ್ಕೆಯನ್ನು ಚೈನ್‌ನೊಳಗೆ ತೂರಿಸಿ ನೂಲನ್ನು ಎಳೆದುಕೊಳ್ಳಬೇಕು. ಆಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಿರುತ್ತವೆ. ಮತ್ತೊಮ್ಮೆ ನೂಲು ಸಿಕ್ಕಿಸಿ ಎರಡರಿಂದಲೂ ಒಟ್ಟಿಗೆ ಎಳೆದರೆ ಮುಗಿಯಿತು. ಡಬಲ್‌ಗೆ ತೂರಿಸುವ ಮುನ್ನವೇ ಕಡ್ಡಿಗೆ ಒಂದು ಸುತ್ತು ಹೆಚ್ಚು.

ನನಗೆ ಈ ಕಸುಬು ಹಿಡಿಸಿದ್ದು ಇಲ್ಲಿಯೇ. ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆಯೇ ಇರುತ್ತವೆ. ಜಾರಿದರೆ ಕೆಳಗಿನವರೆಗೂ ಬಿಚ್ಚುತ್ತಾ ಹೋಗುವ ಭಯ. ಕ್ರೋಶಾದಲ್ಲಿ ಒಂದು ಹೊಲಿಗೆ ಮುಗಿದು ಇನ್ನೊಂದು ಶುರುವಾಗುವ ನಡುವೆ ತೆರೆದಿರುವುದು ಒಂದೇ ಕುಣಿಕೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಬೇಕಾದಷ್ಟು ಬಿಚ್ಚಬಹುದು.

ಮಧ್ಯಾಹ್ನ ವೃತ್ತ ಹೆಣೆಯುವ ಪಾಠ. ನಡುವಿನ ಉಂಗುರದಲ್ಲಿ ಆರು ಸಿಂಗಲ್. ಮುಂದಿನ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು, ಒಟ್ಟು 12. ಆಮೇಲೆ ಒಂದು ಬಿಟ್ಟು ಒಂದರಲ್ಲಿ ಎರಡು, ಒಟ್ಟು 18. ಹೀಗೆ ಸುತ್ತಿಗೆ ಆರರಂತೆ ಏರುತ್ತದೆ. ಸುತ್ತು ಎಲ್ಲಿ ಶುರುವಾಯಿತೆಂದು ತಿಳಿಯಲು ಅಲ್ಲೊಂದು ಪಿನ್ನು. ಆರೇ ಏಕೆ ಎಂದು ಕೇಳಿದೆ. ಚಿಕ್ಕಮ್ಮ ಉತ್ತರ ಹೇಳದೆ ಇನ್ನೊಂದು ಕಡ್ಡಿ ತೆಗೆದುಕೊಂಡು, ಏರಿಸದೆ ನಾಲ್ಕು ಸುತ್ತು ಹೆಣೆದರು. ಅದು ಬಟ್ಟಲಿನಂತೆ ಒಳಕ್ಕೆ ಬಾಗಿತು. ಮತ್ತೊಂದರಲ್ಲಿ ಪ್ರತಿ ಹೊಲಿಗೆಗೂ ಎರಡರಂತೆ ಏರಿಸುತ್ತ ಹೋದರು. ಅಂಚು ಅಲೆಅಲೆಯಾಗಿ ಮಡಿಕೆಬಿದ್ದಿತು.

ಕಾರಣ ಶಾಲೆಯ ಗಣಿತದಲ್ಲಿಯೇ ಇದೆ. ಸಿಂಗಲ್ ಹೊಲಿಗೆಯ ಎತ್ತರ, ಅಗಲ ಹೆಚ್ಚುಕಡಿಮೆ ಒಂದೇ. ವೃತ್ತದ ತ್ರಿಜ್ಯ ಒಂದು ಹೊಲಿಗೆಯಷ್ಟು ಹೆಚ್ಚಿದರೆ ಪರಿಧಿ ಸುಮಾರು 6.28 ಹೊಲಿಗೆಯಷ್ಟು ಹೆಚ್ಚಬೇಕು. ಎತ್ತರವಾದ ಡಬಲ್‌ಗೆ ಸುತ್ತಿಗೆ 12ರಂತೆ ಏರಿಸುವುದೂ ಇದೇ ಕಾರಣಕ್ಕೆ. ಆ ಅಲೆಅಲೆಯ ಅಂಚಿಗೂ ದೊಡ್ಡ ಮಾನವಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ, ಅಂಚಿನತ್ತ ಹೋದಂತೆ ಹೀಗೆಯೇ ಅಲೆಅಲೆಯಾಗಿ ಹಿಗ್ಗುವ ಹೈಪರ್ಬಾಲಿಕ್ ಸಮತಲವನ್ನು ಕ್ರೋಶಾದಲ್ಲಿ ಹೆಣೆದು, ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡುವಂತೆ ಮಾಡಿದರು. ಅಡುಗೆಮನೆಯ ಪಕ್ಕದ ಜಗಲಿಯಲ್ಲಿ ಕೂತು ಚಿಕ್ಕಮ್ಮ ಬೆರಳಲ್ಲೇ ತೋರಿಸಿದ್ದು ಆ ರೇಖಾಗಣಿತವನ್ನೇ. ಇಂಥ ವಿದ್ಯೆಯನ್ನು "ಬಿಡುವಿನ ಕೆಲಸ" ಎಂದು ಬದಿಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ.

ಸಂಜೆಯ ಹೊತ್ತಿಗೆ ನನ್ನ ವೃತ್ತ ಎಂಟು ಸುತ್ತು ಮುಗಿಸಿ, ಲೋಟ ಮುಚ್ಚುವಷ್ಟಾಗಿತ್ತು. ಇದಕ್ಕೇ ಮಣಿ ಹಾಕಬಹುದೇ ಎಂದೆ. "ಉಲ್ಲನ್ ಹೋಗುವಷ್ಟು ತೂತಿರುವುದನ್ನು ಆರಿಸು" ಎಂದು ಡಬ್ಬಿ ಮುಂದಿಟ್ಟರು. ಅಂಚಿನ ಸುತ್ತು ಶುರುವಾಗುವ ಮೊದಲೇ ಮಣಿಗಳನ್ನೆಲ್ಲ ನೂಲಿಗೆ ಪೋಣಿಸಿಕೊಂಡು, ಬೇಕಾದಲ್ಲಿ ಒಂದೊಂದನ್ನೇ ಕಡ್ಡಿಯ ಬಳಿಗೆ ಸರಿಸಿಕೊಳ್ಳಬೇಕಂತೆ. ಹೊಲಿಗೆ 48, ಮೂರಕ್ಕೊಂದರಂತೆ 16 ಮಣಿ. ಕೆಂಪನ್ನೇ ಆರಿಸಿ ಪೋಣಿಸತೊಡಗಿದೆ.