ಚಾವಿನ್‌ಗೆ ಹೋದರೆ ಕಲ್ಲಿನ ಜೊತೆ ಮೂಳೆಯ ಕಥೆಯನ್ನೂ ತಿಳಿದುಕೊಳ್ಳಿ

ಪೆರುವಿನ ಬೆಟ್ಟಗಳಲ್ಲಿರುವ ಪುರಾತನ ದೇವಾಲಯ ಚಾವಿನ್ ದೆ ಹುವಾಂತರ್ ನೋಡಬೇಕು ಅಂದುಕೊಂಡವರು ಮೊದಲು ಹುವಾರಾಸ್ ಊರಿನಲ್ಲಿ ಒಂದೆರಡು ದಿನ ಸುಮ್ನೆ ಇರಿ. ಲಿಮಾದಿಂದ ಅಲ್ಲಿಗೆ ಬಸ್ಸಿನಲ್ಲಿ ಸುಮಾರು 8 ಗಂಟೆ. ಊರು 3,000 ಮೀಟರ್‌ಗಿಂತ ಎತ್ತರದಲ್ಲಿದೆ. ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಆಗ ಹೋಗುವುದೇ ಒಳ್ಳೆಯದು.

ಚಾವಿನ್ ದಾರಿಯಲ್ಲಿ ಮಾತ್ರ ನಿದ್ದೆ ಮಾಡಬೇಡಿ. ರಸ್ತೆ 4,500 ಮೀಟರ್ ಎತ್ತರದ ಕಾವಿಶ್ ಸುರಂಗ ದಾಟಿ ಇಳಿಯುತ್ತದೆ. ಮೇಲಿನ ಮರವಿಲ್ಲದ ಹುಲ್ಲುಗಾವಲಿಗೆ ಪುನಾ ಅನ್ನುತ್ತಾರೆ. ಒಂಟೆ ಜಾತಿಯ ಪ್ರಾಣಿ ಲಾಮಾ ಸಾಕುವುದಕ್ಕೆ ಹೇಳಿ ಮಾಡಿಸಿದ ಜಾಗ ಅದು. ಚಾವಿನ್ ಇರುವುದು ತುಂಬಾ ಕೆಳಗೆ, 3,180 ಮೀಟರ್‌ನ ಕಣಿವೆಯಲ್ಲಿ.

ದೇವಾಲಯದ ಕಲ್ಲುಗಳ ಮೇಲೆ ಜಾಗ್ವಾರ್, ಮೊಸಳೆಯಂಥ ಕೈಮನ್, ಹದ್ದುಗಳಿವೆ. ಜಾಗ್ವಾರ್, ಕೈಮನ್ ಎರಡೂ ದೂರದ ಬಿಸಿ ಕಾಡಿನ ಪ್ರಾಣಿಗಳು. ಆದರೆ ಹತ್ತಿರತ್ತಿರ 3,000 ವರ್ಷದ ಹಿಂದೆ ಇಲ್ಲಿದ್ದವರು ಉಂಡು ಎಸೆದ ಮೂಳೆಗಳು ಬೇರೆಯದನ್ನೇ ಹೇಳುತ್ತವೆ. ಪುರಾತತ್ವಜ್ಞರಾದ ಜಾರ್ಜ್ ಮಿಲ್ಲರ್, ರಿಚರ್ಡ್ ಬರ್ಗರ್ 1995ರಲ್ಲಿ ಇದನ್ನು ವಿವರವಾಗಿ ಬರೆದರು. ಹಳೆಯ ಪದರಗಳಲ್ಲಿ ಜಿಂಕೆ, ವಿಕುನ್ಯಾ (ಲಾಮಾದ ಕಾಡು ಬಂಧು) ಅಂಥ ಬೇಟೆ ಪ್ರಾಣಿಗಳೂ ಇವೆ. ಆಮೇಲೆ ಬರಬರುತ್ತಾ ಲಾಮಾದ್ದೇ ಕಾರುಬಾರು. ಆದರೆ ಆ ಲಾಮಾ ಮೂಳೆಗಳಲ್ಲಿ ತಲೆ ಮತ್ತು ಪಾದದವು ಬಹಳ ಕಡಿಮೆ. ಪ್ರಾಣಿಯನ್ನು ಅಲ್ಲೇ ಕಡಿದಿದ್ದರೆ ಅವೂ ಸಿಗಬೇಕಿತ್ತು, ಅಲ್ವಾ? ಪುನಾದಲ್ಲೇ ಕಡಿದು, ಉಪ್ಪು ಹಚ್ಚಿ, ಹಗಲು ಬಿಸಿಲಿಗೆ, ರಾತ್ರಿ ಹಿಮಕ್ಕೆ ಒಣಗಿಸಿದ ಮಾಂಸ ಮೂಳೆ ಸಮೇತ ಕಣಿವೆಗೆ ಬರುತ್ತಿತ್ತು ಅನ್ನುವುದು ಅವರ ವಿವರಣೆ. ಆ ಮಾಂಸವೇ ಚಾರ್ಕಿ. ಅಂದರೆ ಮೇಲಿನ ಕುರುಬರಿಗೂ ಕೆಳಗಿನ ಊರಿಗೂ ಕೊಡುಕೊಳ್ಳುವಿಕೆ ಇತ್ತು. ಗಟ್ಟಿ ಮೂಳೆ ಉಳಿದು ಮೆತ್ತನೆಯದು ಕರಗಿರಬಹುದು ಎಂದು ಆಕ್ಷೇಪಿಸುವವರೂ ಇದ್ದಾರೆ. ಆ ರಸ್ತೆ ಇಳಿದು ಬಂದ ನನಗೆ ಚಾರ್ಕಿಯ ವಾದವೇ ಹೆಚ್ಚು ಹಿಡಿಸಿತು.

ಮೂಳೆ ಪೂಜೆಯಲ್ಲೂ ಬಳಕೆಯಾಗಿದೆ. ಟೊಳ್ಳು ಮೂಳೆಯ ಕೊಳವೆಗಳಲ್ಲಿ ನಿಕೋಟಿನ್ ಮತ್ತು ಅಮಲೇರಿಸುವ ವಿಲ್ಕಾ ಬೀಜದ ಕುರುಹು ಸಿಕ್ಕಿದ ವರದಿ 2025ರಲ್ಲಿ ಬಂತು. ಮೂಗಿಗೆ ಪುಡಿ ಎಳೆಯಲು ಅವನ್ನು ಬಳಸುತ್ತಿದ್ದರಂತೆ.

ಹುವಾರಾಸ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವ ಟೂರ್‌ಗಳಲ್ಲಿ ಎಲ್ಲಾ ಗಡಿಬಿಡಿ. ಹಾಗಾಗಿ ರಾತ್ರಿ ಚಾವಿನ್ ಊರಲ್ಲೇ ಉಳಿಯಿರಿ, ಮ್ಯೂಸಿಯಂಗೆ ಅರ್ಧ ದಿನವಾದರೂ ಬೇಕು. ಸೋಮವಾರ ರಜೆ, ಬೇರೆ ದಿನ ಹೋಗಿ. ದೇವಾಲಯದ ನೆಲದಡಿಯ ಓಣಿಗಳು ತಣ್ಣಗಿರುತ್ತವೆ, ಸ್ವೆಟರ್ ಇರಲಿ. ಮಾಂಸ ತಿನ್ನುವವರು ಹೋಟೆಲಿನಲ್ಲಿ ಚಾರ್ಕಿ ಹಾಕಿದ ಒಯುಕೀತೊ (ಒಂದು ಬಗೆಯ ಗೆಡ್ಡೆಯ ಅಡುಗೆ) ಸಿಗುತ್ತದಾ ಎಂದು ಕೇಳಿ ನೋಡಿ.