ಆಮೆಯ ಮನೆ: ಗಾಜಿನ ತೊಟ್ಟಿಯಿಂದ ಮಣ್ಣಿನ ಪೆಟ್ಟಿಗೆಗೆ

ಮೊದಲ ಎರಡು ತಿಂಗಳು ಗುಂಡನನ್ನು ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೆ. ಗುಂಡ ನನ್ನ ಆಮೆ, ಹರ್ಮನ್ ಅನ್ನೋ ಜಾತಿಯದು, ನೀರಿನಲ್ಲಲ್ಲ, ನೆಲದ ಮೇಲೆ ಬದುಕುವಂಥದ್ದು. ಆಗ ಅಂಗೈಯಷ್ಟೇ ಇತ್ತು, ಗಂಡೋ ಹೆಣ್ಣೋ ಇನ್ನೂ ಗೊತ್ತಿರಲಿಲ್ಲ, ಹೆಸರು ಮಾತ್ರ ಇಟ್ಟಾಗಿತ್ತು. ಮೀನಿಗೆ ಬಳಸುವ ಮೂರಡಿ ತೊಟ್ಟಿ, ಕೆಳಗೆ ಸ್ವಲ್ಪ ಮರದ ಹೊಟ್ಟು, ಮೂಲೆಯಲ್ಲೊಂದು ಬಲ್ಬ್. ಹೊರಗಿನಿಂದ ನೋಡೋಕೆ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಆದರೆ ಬೆಳಗಾದರೆ ಸಾಕು, ಗುಂಡ ಒಂದೇ ಗಾಜಿಗೆ ಮುಖ ಒತ್ತಿಕೊಂಡು ಮುಂಗಾಲಿನಿಂದ ಕೆರೆಯಲು ಶುರು ಮಾಡುತ್ತಿದ್ದ. ಗಂಟೆಗಟ್ಟಲೆ ಕೆರೆಯುತ್ತಿದ್ದ. ಎಷ್ಟು ಚುರುಕಾಗಿದ್ದಾನೆ ಅಂತ ನಾನು ಖುಷಿಪಡುತ್ತಿದ್ದೆ. ಈಗ ನೆನೆಸಿಕೊಂಡರೆ ಹೊಟ್ಟೆ ಚುರ್ ಅನ್ನುತ್ತದೆ. ಆಮೆಗೆ ಗಾಜು ಅಂದರೆ ಏನು ಅಂತ ಗೊತ್ತಾಗುವುದಿಲ್ಲ. ಆಚೆ ಕಡೆ ನೆಲ ಕಾಣುತ್ತದೆ, ಹೋಗೋಕೆ ಆಗಲ್ಲ, ಯಾಕೆ ಆಗಲ್ಲ ಅನ್ನೋದು ತಿಳಿಯಲ್ಲ.

ಆಮೆಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಿಸಿ ಜಾಸ್ತಿ ಆಯ್ತು ಅಂದ್ರೆ ಇದು ಎಲ್ಲಿಗೆ ಹೋಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರಡಿ ತೊಟ್ಟಿಯಲ್ಲಿ ಬಲ್ಬ್ ಉರಿದರೆ ಪೂರ್ತಿ ತೊಟ್ಟಿಯೇ ಬಿಸಿ. ಹೋಗೋಕೆ ಜಾಗವೇ ಇಲ್ಲ.

ಆಮೆ ತನ್ನ ಮೈಯ ಬಿಸಿಯನ್ನು ನಮ್ಮ ಹಾಗೆ ತಾನೇ ಮಾಡಿಕೊಳ್ಳುವುದಿಲ್ಲ. ಚಳಿಯಾದರೆ ಬಿಸಿಲಿಗೆ ನಡೆಯುತ್ತದೆ, ಸೆಕೆಯಾದರೆ ನೆರಳಿಗೆ ನಡೆಯುತ್ತದೆ, ಒಣಗಿದರೆ ಹಸಿಮಣ್ಣಿಗೆ ಇಳಿಯುತ್ತದೆ. ಅದರ ಆರೋಗ್ಯ ಇರೋದೇ ಆ ನಡಿಗೆಯಲ್ಲಿ. ಹಾಗಾಗಿ ನಾವು ಕಟ್ಟುವ ಮನೆಯಲ್ಲಿ ಏನೇ ಕೊಟ್ಟರೂ ಅದರ ವಿರುದ್ಧದ್ದೂ ಇರಲೇಬೇಕು. ಬಿಸಿ ಇದ್ದರೆ ತಂಪು, ಬೆಳಕಿದ್ದರೆ ಕತ್ತಲು, ಒಣಗಿದ ನೆಲ ಇದ್ದರೆ ಹಸಿ ನೆಲ. ಎರಡರ ನಡುವೆ ನಡೆಯೋಕೆ ಸಾಕಷ್ಟು ದೂರವೂ ಬೇಕು. ನಾನು ಹೊಸ ಪೆಟ್ಟಿಗೆ ಮಾಡುವಾಗ ಇದೊಂದನ್ನೇ ತಲೆಯಲ್ಲಿ ಇಟ್ಟುಕೊಂಡೆ.

ಹರ್ಮನ್, ರಷ್ಯನ್ ಆಮೆಯಂಥ ಸಣ್ಣ ಜಾತಿಗಳಿಗೆ, ಬೆಳೆದ ಮೇಲೆ, 8 ಅಡಿ ಉದ್ದ 4 ಅಡಿ ಅಗಲ ಇದ್ದರೆ ಒಳ್ಳೆಯದು. ಮರಿಗೆ 4 ಅಡಿಗೆ 2 ಅಡಿ ಸ್ವಲ್ಪ ಕಾಲ ನಡೆಯುತ್ತದೆ, ಆದರೆ ಸ್ವಲ್ಪ ಕಾಲ ಮಾತ್ರ. ನನಗೆ 8 ಅಡಿಯ ಜಾಗ ಸಿಗಲಿಲ್ಲ. ಹಳೆಯ ಎರಡು ಮರದ ಪುಸ್ತಕದ ಕಪಾಟುಗಳಿದ್ದವು, ಅವನ್ನು ಅಂಗಾತ ಮಲಗಿಸಿ, ಒಳಗಿನ ಅಡ್ಡ ಹಲಗೆಗಳನ್ನು ತೆಗೆದು, ಪಕ್ಕಪಕ್ಕಕ್ಕೆ ಜೋಡಿಸಿ, ನಡುವಿನ ಗೋಡೆಯಲ್ಲಿ ಎರಡು ಕಡೆ ಅಗಲವಾದ ಬಾಗಿಲು ಕೊರೆದೆ. 6 ಅಡಿಗೆ 4 ಅಡಿ ಆಯಿತು. ಮೇಲೆ ಮುಚ್ಚಳ ಇಲ್ಲ, ಗಾಳಿ ಚೆನ್ನಾಗಿ ಆಡುತ್ತದೆ. ನಡುವಿನ ಗೋಡೆ ಪೂರ್ತಿ ಕೀಳದೆ ಉಳಿಸಿದ್ದು ಮರ ಉಳಿಸೋಕೆ ಅಂತ, ಆದರೆ ಅದರಿಂದ ಬೇರೆ ಲಾಭ ಆಯಿತು. ಒಂದು ಕೋಣೆಯಿಂದ ಇನ್ನೊಂದು ಕೋಣೆ ಕಾಣುವುದಿಲ್ಲ, ಸುತ್ತಿಕೊಂಡು ಹೋಗಬೇಕು, ಗುಂಡ ದಿನಕ್ಕೆ ಎಷ್ಟೋ ಸಲ ಸುತ್ತುತ್ತಾನೆ.

ಗೋಡೆ ಪಾರದರ್ಶಕ ಆಗಿರಬಾರದು ಅಂತ ಇಷ್ಟರಲ್ಲಿ ಗೊತ್ತಾಗಿರುತ್ತದೆ. ಎತ್ತರ ಮಾತ್ರ ನಾನು ತಪ್ಪು ಲೆಕ್ಕ ಹಾಕಿದ್ದೆ. ಕಪಾಟಿನ ಆಳ ಒಂದು ಅಡಿ, ಸಾಕು ಅಂದುಕೊಂಡೆ. ಅರ್ಧ ಅಡಿ ಮಣ್ಣಿಗೇ ಹೋಯಿತು. ಉಳಿದ ಅರ್ಧ ಅಡಿ ಹತ್ತೋದು ಆಮೆಗೆ ಕಷ್ಟವೇ ಅಲ್ಲ, ಮೂಲೆಯ ಎರಡು ಗೋಡೆಗೂ ಕಾಲು ಕೊಟ್ಟು ಏಣಿ ಹತ್ತಿದ ಹಾಗೆ ಹತ್ತುತ್ತದೆ. ಮಣ್ಣಿನ ಮೇಲೆ ಗೋಡೆ ಆಮೆಯ ಉದ್ದದ ಎರಡರಷ್ಟಾದರೂ ಇರಲಿ. ನಾನು ಮೇಲೆ ಇನ್ನೊಂದು ಸುತ್ತು ಹಲಗೆ ಹೊಡೆದು, ಮೂಲೆಗಳಲ್ಲಿ ಒಳಕ್ಕೆ ಚಾಚಿದ ಪಟ್ಟಿ ಕೊಟ್ಟೆ. ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಹಸಿಮಣ್ಣಿಗೆ ಮರ ಕೊಳೆಯುತ್ತದೆ, ಅದನ್ನು ಮರೀಬೇಡಿ.

ಈಗ ಬೆಳಕು. ಇದು ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ಆಮೆಗಳು ನರಳೋದು ಹೆಚ್ಚಾಗಿ ಇಲ್ಲೇ.

ಆಮೆಗೆ ಬಿಸಿ ಬೇರೆ ಬೇಕು, ಯುವಿಬಿ ಬೇರೆ ಬೇಕು. ಯುವಿಬಿ ಅಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಒಂದು ಭಾಗ. ಅದು ಚರ್ಮಕ್ಕೆ ಬಿದ್ದರೆ ವಿಟಮಿನ್ ಡಿ3 ತಯಾರಾಗುವ ಕೆಲಸ ಶುರುವಾಗುತ್ತದೆ, ಆದರೆ ಆ ಕೆಲಸ ಪೂರ್ತಿಯಾಗೋಕೆ ಮೈ ಬೆಚ್ಚಗಿರಬೇಕು. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ಚಿಪ್ಪು ಮೆತ್ತಗಾಗುತ್ತದೆ, ಮೂಳೆ ಬಾಗುತ್ತದೆ, ಕೊನೆಗೆ ನಡೆಯೋಕೂ ಆಗದ ಹಾಗೆ ಆಗುತ್ತದೆ. ಹಾಗಾಗಿ ಬಿಸಿ ದೀಪ ಒಂದು ಮೂಲೆಯಲ್ಲಿ, ಯುವಿಬಿ ಟ್ಯೂಬ್ ಇನ್ನೊಂದು ಮೂಲೆಯಲ್ಲಿ ಹಾಕಬಾರದು. ಬಿಸಿಲು ಎರಡನ್ನೂ ಒಟ್ಟಿಗೆ ಕೊಡುತ್ತದೆ ಅಲ್ವಾ, ನಾವೂ ಒಟ್ಟಿಗೇ ಕೊಡಬೇಕು.

"ಕಿಟಕಿ ಪಕ್ಕ ಇಟ್ಟಿದ್ದೀನಿ, ಬಿಸಿಲು ಬೀಳುತ್ತೆ" ಅಂತ ತುಂಬಾ ಜನ ಹೇಳುತ್ತಾರೆ. ಕಿಟಕಿಯ ಗಾಜು ಯುವಿಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಬಿಸಿ ಮಾತ್ರ ಒಳಗೆ ಬರುತ್ತದೆ, ಕೆಲವೊಮ್ಮೆ ಅಪಾಯ ಆಗುವಷ್ಟು ಬರುತ್ತದೆ. ದೀಪದ ಕೆಳಗೆ ಪ್ಲಾಸ್ಟಿಕ್ ಹಾಳೆ ಇದ್ದರೂ ಅದೇ ಕಥೆ. ಜಾಲರಿ ಕೂಡ ಒಂದಷ್ಟು ಕಿರಣಗಳನ್ನು ತಿಂದುಹಾಕುತ್ತದೆ.

ನಾನು ಹಾಕಿರೋದು ಟಿ5 ಉದ್ದನೆ ಟ್ಯೂಬ್, 12% ಯುವಿಬಿಯದು, ಆಮೆಯ ಬೆನ್ನಿನಿಂದ ಸುಮಾರು 40 ಸೆಂಟಿಮೀಟರ್ ಮೇಲೆ, ಹಿಂದೆ ಬೆಳಕನ್ನು ಕೆಳಕ್ಕೆ ತಳ್ಳುವ ತಗಡು. ಎಷ್ಟು ದೂರ ಅನ್ನೋದು ಒಂದೊಂದು ಟ್ಯೂಬಿಗೂ ಬೇರೆ, ಡಬ್ಬಿಯ ಮೇಲೆ ಬರೆದಿರುವುದನ್ನು ಪಾಲಿಸಿ. ಸುರುಳಿಯ ಸಣ್ಣ ಬಲ್ಬ್‌ಗಳು ಅಂಗೈಯಗಲಕ್ಕೆ ಮಾತ್ರ ಕಿರಣ ಕೊಡುತ್ತವೆ, ನನಗೆ ಅವು ಇಷ್ಟವಿಲ್ಲ. ದೀಪ ಯಾವತ್ತೂ ನೆತ್ತಿಯ ಮೇಲೇ ಇರಬೇಕು. ಪಕ್ಕದಿಂದ ಹೊಡೆದರೆ ನೇರ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಮಾತು, ಟ್ಯೂಬ್ ಬೆಳಗುತ್ತಿದೆ ಅಂದ ಮಾತ್ರಕ್ಕೆ ಯುವಿಬಿ ಇದೆ ಅಂತಲ್ಲ. ಕಣ್ಣಿಗೆ ಕಾಣುವ ಬೆಳಕು ಹಾಗೇ ಇರುತ್ತದೆ, ಕಾಣದ ಕಿರಣ ಕಮ್ಮಿಯಾಗುತ್ತಾ ಹೋಗುತ್ತದೆ. ಟ್ಯೂಬಿನ ತುದಿಯಲ್ಲಿ ಹಾಕಿದ ತಾರೀಖು ಬರೆದಿಟ್ಟು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ.

ಬಿಸಿ ದೀಪದ ಕೆಳಗೆ, ಆಮೆಯ ಬೆನ್ನಿನ ಎತ್ತರದಲ್ಲಿ, 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಇನ್ನೊಂದು ತುದಿಯಲ್ಲಿ 20ರಿಂದ 24. ಈ ಬೆನ್ನಿನ ಎತ್ತರ ಅನ್ನೋದು ಮುಖ್ಯ. ಥರ್ಮಾಮೀಟರನ್ನು ಗೋಡೆಯ ಮೇಲ್ಭಾಗಕ್ಕೆ ಅಂಟಿಸಿ ನೋಡಿದರೆ ಅದು ಹೇಳೋದು ಗೋಡೆಯ ಕಥೆ, ಆಮೆಯದ್ದಲ್ಲ. ಬೆಳಕಿನ ವೃತ್ತವೂ ಪೂರ್ತಿ ಮೈ ಮುಚ್ಚುವಷ್ಟು ಅಗಲ ಇರಲಿ. ಕಿರಿದಾದ ಬಲ್ಬ್ ಬೆನ್ನಿನ ನಡುಭಾಗವನ್ನಷ್ಟೇ ಸುಡುತ್ತದೆ, ಕಾಲು ತಣ್ಣಗೇ ಇರುತ್ತದೆ, ಕಾಲು ಬೆಚ್ಚಗಾಗಲಿ ಅಂತ ಆಮೆ ಅಲ್ಲೇ ಕೂತಿರುತ್ತದೆ. ಬಿಸಿ ಮಿತಿ ದಾಟದ ಹಾಗೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಇಲ್ಲದೆ ಬಿಸಿ ದೀಪ ಹಾಕಲೇಬೇಡಿ. ಕ್ಲಿಪ್ ನಂಬಬೇಡಿ, ಸರಪಳಿಯಿಂದ ಮೇಲಿನಿಂದ ನೇತುಹಾಕಿ, ಹೋಲ್ಡರ್ ಪಿಂಗಾಣಿಯದೇ ಇರಲಿ. ದೀಪ ಜಾರಿ ಒಣಗಿದ ಹಾಸಿನ ಮೇಲೆ ಬಿದ್ದರೆ ಮನೆಗೇ ಬೆಂಕಿ ಹತ್ತುತ್ತದೆ.

ಕೆಳಗಿನಿಂದ ಬಿಸಿ ಕೊಡುವ ಚಾಪೆ, ಬಿಸಿ ಕಲ್ಲು ಇವೆಲ್ಲ ಬೇಡ. ಸೆಕೆಯಾದಾಗ ಮಣ್ಣು ತೋಡಿ ಕೆಳಗಿಳಿದರೆ ತಂಪು ಸಿಗುತ್ತದೆ ಅಂತ ಆಮೆ ನಂಬಿರುತ್ತದೆ. ಅಲ್ಲೇ ಬಿಸಿ ಇಟ್ಟರೆ ಪಾಪ ಅದು ಏನು ಮಾಡಬೇಕು?

ದೀಪಕ್ಕೆ ಟೈಮರ್ ಹಾಕಿ, ದಿನಕ್ಕೆ 12 ಗಂಟೆ. ರಾತ್ರಿ ಪೂರ್ತಿ ಕತ್ತಲು. ಕೆಂಪು ಬಲ್ಬ್ ಆಮೆಗೆ ಕಾಣಲ್ಲ ಅನ್ನೋದು ಸುಳ್ಳು, ಚೆನ್ನಾಗಿಯೇ ಕಾಣುತ್ತದೆ. ಹರ್ಮನ್‌ಗೆ ರಾತ್ರಿ 16-18 ಡಿಗ್ರಿಗೆ ಇಳಿದರೂ ತೊಂದರೆ ಇಲ್ಲ. ರೆಡ್‌ಫೂಟ್‌ನಂಥ ಮಳೆಕಾಡಿನ ಕಡೆಯ ಆಮೆಗೆ ರಾತ್ರಿಯೂ ಬೆಚ್ಚಗೆ ಬೇಕು, ಅದಕ್ಕೆ ಬೆಳಕು ಬಾರದ ಸೆರಾಮಿಕ್ ಹೀಟರ್ ಹಾಕುತ್ತಾರೆ.

ಮಣ್ಣಿನ ವಿಷಯದಲ್ಲಿ ನಾನು ಮೊದಲು ಕೇಳಿದ್ದೆಲ್ಲ ತಲೆಕೆಳಗು. ಆಮೆ ಒಣ ನಾಡಿನ ಪ್ರಾಣಿ, ಒಣಗಿರಲಿ ಅಂತ ಹೇಳಿದ್ದರು. ಆದರೆ ಒಣ ನಾಡಿನ ಮರಿ ಆಮೆ ದಿನದ ಹೆಚ್ಚು ಹೊತ್ತು ಕಳೆಯೋದು ಹುಲ್ಲಿನ ಬುಡದಲ್ಲಿ, ಬೇರಿನ ಸಂದಿಯಲ್ಲಿ, ಬಿಲದಲ್ಲಿ. ಅಲ್ಲಿ ತೇವ ಇರುತ್ತದೆ. ಆಫ್ರಿಕಾದ ಸುಲ್ಕಾಟಾ ಮರಿಗಳ ಮೇಲೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಒಣ ಗಾಳಿಯಲ್ಲಿ ಬೆಳೆದ ಮರಿಗಳ ಚಿಪ್ಪು ಗೋಪುರಗಳ ಹಾಗೆ ಎದ್ದಿತ್ತು, ತೇವದಲ್ಲಿ ಬೆಳೆದವುಗಳದ್ದು ನಯವಾಗಿತ್ತು. ಆಹಾರದ ಪ್ರೋಟೀನ್‌ಗಿಂತ ತೇವಾಂಶದ ಪರಿಣಾಮವೇ ದೊಡ್ಡದು ಅಂತ ಅದರಲ್ಲಿ ಕಂಡುಬಂತು. ಒಮ್ಮೆ ಎದ್ದ ಗೋಪುರ ಮತ್ತೆ ಇಳಿಯುವುದಿಲ್ಲ. ಗುಂಡನ ಬೆನ್ನಿನಲ್ಲೂ ಆ ಎರಡು ತಿಂಗಳ ಗುರುತು ಒಂದು ಸಣ್ಣ ಏಣಿನ ಹಾಗೆ ಉಳಿದಿದೆ. ಮರದ ಹೊಟ್ಟು ತೇವವನ್ನೆಲ್ಲ ಹೀರಿಕೊಂಡಿತ್ತು.

ಈಗ ಗೊಬ್ಬರ, ಔಷಧಿ ಬೆರೆಸದ ತೋಟದ ಮಣ್ಣು ಅರ್ಧ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅರ್ಧ. ಅರ್ಧ ಅಡಿ ಆಳ, ಗುಂಡ ಪೂರ್ತಿ ಹೂತುಕೊಳ್ಳುವಷ್ಟು. ಮೇಲಿನ ಪದರ ಒಣಗಿರಬೇಕು, ಬೆರಳು ಚುಚ್ಚಿದರೆ ಕೆಳಗೆ ತಣ್ಣಗೆ ಹಸಿ ಸಿಗಬೇಕು. ಮೇಲಿನಿಂದ ಚಿಮುಕಿಸುವ ಬದಲು ಮೂಲೆಯಲ್ಲಿ ನೀರು ಸುರಿದರೆ ಅದು ಕೆಳಗೇ ಹರಡಿಕೊಳ್ಳುತ್ತದೆ. ಕೆಸರಾಗಬಾರದು. ಹಸಿ ಮತ್ತು ಚಳಿ ಎರಡೂ ಸೇರಿದರೆ ಶ್ವಾಸಕೋಶದ ಸೋಂಕು ಬರುತ್ತದೆ, ಮೂಗಿನಲ್ಲಿ ಗುಳ್ಳೆ ಕಂಡರೆ ಅವತ್ತೇ ವೈದ್ಯರ ಹತ್ತಿರ ಓಡಿ. ಬರೀ ಮರಳು ಹಾಕಿದರೆ ಊಟದ ಜೊತೆ ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳುತ್ತದೆ. ದೇವದಾರು, ಪೈನ್ ಹೊಟ್ಟಿನ ಘಾಟು ಅದರ ಉಸಿರಿಗೆ ಕೆಟ್ಟದ್ದು.

ನೀರಿಗೆ ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ಸಾಕು, ಅಂಚಿನವರೆಗೆ ಮಣ್ಣಿನಲ್ಲಿ ಹೂಳಿ. ನೀರು ಆಮೆಯ ಗದ್ದ ಮುಟ್ಟಬೇಕು, ಮೂಗು ಮುಟ್ಟಬಾರದು. ಅದರಲ್ಲೇ ಕಕ್ಕಸು ಮಾಡುತ್ತದೆ, ದಿನಾ ತೊಳೆಯಿರಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಊಟ ಒರಟು ಚಪ್ಪಟೆ ಕಲ್ಲಿನ ಮೇಲೆ ಇಟ್ಟರೆ ಕೊಕ್ಕು ತಾನಾಗಿಯೇ ಸವೆಯುತ್ತದೆ. ಅಡಗಿಕೊಳ್ಳಲು ಅರ್ಧ ಹೂತ ಹೂಕುಂಡಗಳನ್ನು ಇಟ್ಟಿದ್ದೇನೆ, ಒಂದು ಬೆಚ್ಚನೆ ಕಡೆ, ಒಂದು ತಂಪಿನ ಕಡೆ. ಒಂದೇ ಗೂಡು ಇದ್ದರೆ ಅಡಗಿಕೊಳ್ಳೋದೋ ಬೆಚ್ಚಗಿರೋದೋ ಅಂತ ಆಮೆ ಒಂದನ್ನು ಬಿಡಬೇಕಾಗುತ್ತದೆ. ಬಿಸಿ ದೀಪದ ಕೆಳಗೆ ಮಾತ್ರ ಎಡವುವಂಥ ಕಲ್ಲು, ಏರು ಏನೂ ಬೇಡ. ಅಲ್ಲಿ ಅಂಗಾತ ಬಿದ್ದರೆ ಬಿಸಿಯಿಂದ ತಪ್ಪಿಸಿಕೊಳ್ಳೋಕೆ ಆಗದೆ ಸತ್ತೇಹೋಗಬಹುದು.

ಒಂಟಿ ಅಂತ ಇನ್ನೊಂದು ಆಮೆ ತಂದುಬಿಡಬೇಡಿ. ಅವು ಒಂಟಿಯಾಗಿಯೇ ಬದುಕುವ ಪ್ರಾಣಿಗಳು. ಪೆಟ್ಟಿಗೆಯಲ್ಲಿ ಎರಡಿದ್ದರೆ ಒಂದು ಇನ್ನೊಂದನ್ನು ಗುದ್ದುತ್ತದೆ, ದೀಪದ ಜಾಗ ಬಿಟ್ಟುಕೊಡುವುದಿಲ್ಲ. ತರುವ ಮೊದಲೇ ಜಾತಿ ಯಾವುದು, ಸಾಕಲು ಕಾನೂನು ಒಪ್ಪುತ್ತದಾ ಅಂತ ಖಚಿತ ಮಾಡಿಕೊಳ್ಳಿ. ಎಷ್ಟೋ ಜಾತಿಗಳನ್ನು ಕಾಡಿನಿಂದ ಕದ್ದು ಮಾರುತ್ತಾರೆ. ಸುಲ್ಕಾಟಾದಂಥವು 40 ಕೆಜಿ ದಾಟಿ ಬೆಳೆಯುತ್ತವೆ, ಅವಕ್ಕೆ ಮನೆಯೊಳಗಿನ ಯಾವ ಪೆಟ್ಟಿಗೆಯೂ ಆಗಲ್ಲ.

ಹೊಸ ಪೆಟ್ಟಿಗೆಗೆ ಬಿಟ್ಟ ಮೊದಲ ದಿನ ಗುಂಡ ಗೋಡೆಗುಂಟ ಒಂದು ಸುತ್ತು ಹಾಕಿದ, ತಂಪಿನ ಮೂಲೆಯಲ್ಲಿ ಮಣ್ಣು ತೋಡಿ ಬೆನ್ನಿನ ತುದಿ ಮಾತ್ರ ಕಾಣುವ ಹಾಗೆ ಇಳಿದು ಮಲಗಿಬಿಟ್ಟ. ಮಾರನೆ ದಿನ ದೀಪ ಹತ್ತಿದ ಮೇಲೆ ತಾನಾಗಿ ಎದ್ದು ಬಂದು, ಬೆಳಕಿನ ಕೆಳಗೆ ನಾಲ್ಕೂ ಕಾಲು ಚಾಚಿಕೊಂಡು ಮಲಗಿದ. ಕಾಲು ಚಾಚಿಕೊಂಡು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆ ಕೆರೆಯೋದು ನಿಂತು ಈಗ ಬಹಳ ಕಾಲವಾಯಿತು. ಹವೆ ಒಗ್ಗಿದ ದಿನ ಹೊರಗೆ, ಬೇಲಿ ಹಾಕಿದ ಹುಲ್ಲಿನ ಮೇಲೆ, ನೆರಳೂ ಇರುವ ಜಾಗದಲ್ಲಿ ಬಿಡುತ್ತೇನೆ. ಯಾವ ದೀಪವೂ ಬಿಸಿಲಿಗೆ ಸಮ ಅಲ್ಲ. ಮೋಡ ಮುಸುಕಿದ ದಿನಗಳಲ್ಲಿ ಮಾತ್ರ ಅವನು ದಿನವಿಡೀ ಪೆಟ್ಟಿಗೆಯಲ್ಲಿ.